ಹಾಲವಾಣದ ಔತಣ

ಚಳಿಗಾಲ ಮುಗಿಯುತ್ತ ಬಂದಂತೆ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸಿದ ಹಾಲವಾಣದ ಮರಗಳು ಎಲೆ ಕಳಚಿ ಬೋಳಾಗುತ್ತವೆ. ಬಳಿಕ ಆ ಬರಿಯ ಕೊಂಬೆಗಳ ತುದಿಯಲ್ಲಿ ಹೂಗೊಂಚಲುಗಳು ಕೆಂಡದಂತೆ ಅರಳುತ್ತವೆ. ಬೆಳಗಾದೊಡನೆ ಅಲ್ಲಿ ಗೊರವಂಕಗಳ ಸಂತೆ ನೆರೆಯುತ್ತದೆ. ಅವುಗಳ ಗದ್ದಲ ಕೇಳಿದವರಿಗೆ ಹೂವನ್ನು ಹುಡುಕಬೇಕಾದ ಪ್ರಮೇಯವಿಲ್ಲ.

ಹಾಲವಾಣವು ಅವರೆ, ತೊಗರಿಗಳ ಕುಲಕ್ಕೆ ಸೇರಿದ್ದು. ತೊಗರಿಯ ಹೂವಿನಲ್ಲಿ ಕೆಳಗಿನ ಎರಡು ಎಸಳುಗಳು ದೋಣಿಯಂತೆ ಕೂಡಿಕೊಂಡಿರುತ್ತವೆ. ಜೇನ್ನೊಣ ಬಂದೆರಗಿದಾಗ ಅದರ ಭಾರಕ್ಕೆ ದೋಣಿ ಬಾಗಿ, ಒಳಗಿನ ಕೇಸರಗಳು ಅದರ ಮೈಗೆ ತಾಗುತ್ತವೆ. ಹಾಲವಾಣದಲ್ಲಾದರೋ ಈ ದೋಣಿ ಚಿಕ್ಕದು. ಕೇಸರಗಳು ಹೊರಕ್ಕೆ ಚಾಚಿವೆ. ಮಕರಂದ ಹೀರಲು ಬಾಗಿದ ಹಕ್ಕಿಯ ಗರಿಗಳಿಗೆ ಪರಾಗ ತಾನಾಗಿಯೇ ಅಂಟುತ್ತದೆ.

ಮಕರಂದದ ಸಿಹಿಯೂ ಎಲ್ಲೆಡೆ ಒಂದೇ ಅಲ್ಲ. ಅದರಲ್ಲಿರುವ ಮುಖ್ಯ ಸಕ್ಕರೆಗಳು ಸುಕ್ರೋಸ್, ಗ್ಲೂಕೋಸ್ ಮತ್ತು ಫ್ರಕ್ಟೋಸ್. ಸುಕ್ರೋಸ್ ಎಂದರೆ ಅಡುಗೆಮನೆಯ ಡಬ್ಬಿಯಲ್ಲಿರುವ ಕಬ್ಬಿನ ಸಕ್ಕರೆಯೇ. ಉಳಿದೆರಡು ಸೇರಿ ಅದಾಗಿದೆ. ಕ್ಯಾಲಿಫೋರ್ನಿಯಾದ ಹರ್ಬರ್ಟ್ ಬೇಕರ್, ಐರಿನ್ ಬೇಕರ್ ದಂಪತಿಗಳು ಹಾಲವಾಣದ ಹಲವು ಪ್ರಭೇದಗಳ ಮಕರಂದವನ್ನು ಪರೀಕ್ಷಿಸಿ 1982ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅಮೆರಿಕ ಖಂಡಗಳಲ್ಲಿ, ಗಾಳಿಯಲ್ಲಿ ನಿಂತೇ ಹೀರುವ ಹಮ್ಮಿಂಗ್ ಹಕ್ಕಿಗಳನ್ನು ನೆಚ್ಚಿದ ಪ್ರಭೇದಗಳಲ್ಲಿ ಸುಕ್ರೋಸ್ ಹೆಚ್ಚು. ಕೊಂಬೆಯ ಮೇಲೆ ಕುಳಿತು ಹೀರುವ ಹಕ್ಕಿಗಳನ್ನು ನೆಚ್ಚಿದವುಗಳಲ್ಲಿ ಗ್ಲೂಕೋಸ್, ಫ್ರಕ್ಟೋಸ್‌ಗಳೇ ಪ್ರಧಾನ. ಒಂದೇ ಮನೆತನದ ಮರಗಳು. ಬಡಿಸುವ ಊಟ ಮಾತ್ರ ಬೇರೆ!

ಈ ಭೇದದ ಅರ್ಥವನ್ನು ಹೂವಿನಲ್ಲಿ ಮಾತ್ರ ಹುಡುಕಿದರೆ ಸಾಲದು, ಹಕ್ಕಿಯ ಹೊಟ್ಟೆಯಲ್ಲಿಯೂ ಹುಡುಕಬೇಕು. ಗೊರವಂಕದ ದಾಯಾದಿಯಾದ ಯುರೋಪಿನ ಕಬ್ಬಕ್ಕಿಯ ಕರುಳಿನಲ್ಲಿ ಸುಕ್ರೋಸನ್ನು ಒಡೆಯುವ ಕಿಣ್ವವೇ ಇಲ್ಲವೆಂದು 1989ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಒಡೆಯದೆ ಉಳಿದ ಸಕ್ಕರೆ ರಕ್ತಕ್ಕೆ ಸೇರದು. ಅದು ಕರುಳಿನೊಳಕ್ಕೆ ನೀರನ್ನು ಸೆಳೆಯುತ್ತದೆ, ಹಕ್ಕಿಗೆ ಭೇದಿಯಾಗುತ್ತದೆ. ಹೀಗೆ, ಹಮ್ಮಿಂಗ್ ಹಕ್ಕಿಗೆ ಅಮೃತವಾದದ್ದು ಕಬ್ಬಕ್ಕಿಗೆ ಉಣಿಸೇ ಅಲ್ಲ. ಗ್ಲೂಕೋಸ್, ಫ್ರಕ್ಟೋಸ್‌ಗಳಾದರೆ ಒಡೆಯಬೇಕಾದ ಶ್ರಮವಿಲ್ಲದೆ ನೇರವಾಗಿ ರಕ್ತಕ್ಕೆ ಇಳಿಯುತ್ತವೆ.

ಹಾಗೆಂದು ಹಕ್ಕಿಯ ಕರುಳೇ ಹೂವಿನ ಸಕ್ಕರೆಯನ್ನು ನಿರ್ಧರಿಸಿತೆನ್ನುವುದು ಆತುರದ ಮಾತಾದೀತು. ಸೂರಕ್ಕಿ ಸುಕ್ರೋಸನ್ನು ಚೆನ್ನಾಗಿಯೇ ಅರಗಿಸಿಕೊಳ್ಳುತ್ತದೆ. ಆದರೂ ಗೊರವಂಕದ ಪಕ್ಕದ ಗೊಂಚಲಿನಲ್ಲಿಯೇ ಕುಳಿತು ಹಾಲವಾಣದ ಮಕರಂದವನ್ನು ಹೀರುತ್ತದೆ. ಅದಕ್ಕೆ ಎರಡು ಬಗೆಯ ಊಟವೂ ಒಗ್ಗುತ್ತದೆ.