ಬಲವೂ ಗುರಿಯೂ

ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಮಂಗಗಳ ಕಾಟವನ್ನು ಅರಿಯದವರಿಲ್ಲ. ಅವುಗಳನ್ನು ಹೆದರಿಸಿ ಓಡಿಸಲೆಂದು ನನ್ನ ತೀರ್ಥರೂಪರು ತಂದಿರಿಸಿದ್ದ ಗಾಳಿಕೋವಿಯೊಂದು ನಮ್ಮ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಕೆಲವು ವರ್ಷಗಳ ಹಿಂದೆ ಬೇಸಗೆಯ ರಜೆಯಲ್ಲಿ ಅದನ್ನು ಕೆಳಗಿಳಿಸಿದೆನು. ಯಂತ್ರದ ಒಳಗುಟ್ಟನ್ನು ಅರಿಯುವ ಚಪಲ ಅಧ್ಯಾಪಕನಿಗೆ ಸಹಜವಾದುದೇ.

ಅದರ ರಚನೆ ಸರಳ. ನಳಿಗೆಯನ್ನು ಮಡಚಿದಾಗ ಪಿಸ್ಟನ್ನು ಹಿಂದೆ ಸರಿದು ಸ್ಪ್ರಿಂಗನ್ನು ಅದುಮುತ್ತದೆ. ಟ್ರಿಗರನ್ನು ಎಳೆದೊಡನೆ ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ದೂಡುತ್ತದೆ. ಒತ್ತಿಗೊಳಗಾದ ಗಾಳಿ ಸೀಸದ ಗುಂಡನ್ನು ಹೊರಕ್ಕೆ ಅಟ್ಟುತ್ತದೆ. ನಮ್ಮ ಕೋವಿಯಲ್ಲಿ ಸ್ಪ್ರಿಂಗು ಸೋತಿತ್ತು, ಚರ್ಮದ ವಾಷರು ಒಣಗಿ ಬಿರಿದಿತ್ತು. ಪೇಟೆಯಿಂದ ಹೊಸ ವಾಷರನ್ನೂ, ಮೂಲದ್ದಕ್ಕಿಂತ ಬಹಳ ಬಿರುಸಾದ ಸ್ಪ್ರಿಂಗನ್ನೂ ತರಿಸಿದೆನು. ಬಲ ಹೆಚ್ಚಿದಷ್ಟೂ ಕೋವಿ ಉತ್ತಮವಾಗುವುದೆಂಬುದು ನನ್ನ ಎಣಿಕೆಯಾಗಿತ್ತು.

ಎಣಿಕೆ ಸುಳ್ಳಾಯಿತು. ಹತ್ತು ಮೀಟರು ದೂರದಲ್ಲಿ ಕಾಗದಕ್ಕೆ ಹೊಡೆದ ಗುಂಡುಗಳು ಅಂಗೈಯಗಲಕ್ಕೆ ಚದರಿದವು. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಒಂದು ಗುಂಡು ಗುರಿ ತಪ್ಪಿ ಹಿಂದಿನ ಕಲ್ಲಿಗೆ ಬಡಿದು, ಪುಟಿದು ಬಂದು, ಜಗಲಿಯಲ್ಲಿ ನಿಂತಿದ್ದ ತಮ್ಮನ ಮಗಳ ಕೆನ್ನೆಯನ್ನು ಸವರಿತು. ಗಾಯ ಚಿಕ್ಕದು, ಆದರೆ ಕಣ್ಣಿಗೂ ಅದಕ್ಕೂ ಎರಡು ಬೆರಳಿನ ಅಂತರ. ಒಂಬತ್ತು ವರ್ಷದ ಆ ಹುಡುಗಿ ಅಳು ನಿಂತ ಮೇಲೆ, “ದೊಡ್ಡಪ್ಪ, ಶಾಲೆಯಲ್ಲಿ ಪೆನ್ಸಿಲು ಕೂಡ ಎಸೆಯಬಾರದೆಂದು ಹೇಳುವವರು ನೀವೇ ಅಲ್ಲವೇ?” ಎಂದಳು. ಉತ್ತರಿಸಲು ನನ್ನಲ್ಲಿ ಮಾತಿರಲಿಲ್ಲ.

ಆರು ತಿಂಗಳು ಕೋವಿಯನ್ನು ಮುಟ್ಟಲಿಲ್ಲ. ಆ ಅವಧಿಯಲ್ಲಿ ಓದಿ ತಿಳಿದುಕೊಂಡೆನು. ಪಿಸ್ಟನ್ನು ಮುನ್ನುಗ್ಗುವಾಗ ಕೋವಿ ಹಿಂದಕ್ಕೂ, ಪಿಸ್ಟನ್ನು ನಿಲ್ಲುವಾಗ ಕೋವಿ ಮುಂದಕ್ಕೂ ಜಗ್ಗುತ್ತದೆ. ಗುಂಡು ಇನ್ನೂ ನಳಿಗೆಯನ್ನು ದಾಟುವ ಮುನ್ನವೇ ಈ ಅಲುಗಾಟ ಮೊದಲಾಗುತ್ತದೆ. ಸ್ಪ್ರಿಂಗು ಬಿರುಸಾದಷ್ಟೂ ಅಲುಗಾಟ ಹೆಚ್ಚು. ಬಿಗಿಯಾಗಿ ಹಿಡಿದರೆ ಗುರಿ ಕೆಡುವುದು ಇನ್ನೂ ಹೆಚ್ಚು.

ಬಳಿಕ ಮೂಲದ ಬಲದ ಸ್ಪ್ರಿಂಗನ್ನೇ ಹಾಕಿದೆನು. ಅದರ ತುದಿಗಳನ್ನು ನುಣ್ಣಗೆ ಉಜ್ಜಿ, ತೆಳುವಾಗಿ ಗ್ರೀಸು ಸವರಿದೆನು. ಎಣ್ಣೆ ಮಿತಿ ಮೀರಿದರೆ ಒತ್ತಿದ ಗಾಳಿಯ ಕಾವಿಗೆ ಅದು ಹೊತ್ತಿಕೊಳ್ಳುತ್ತದೆ. ಸಡಿಲಗೊಂಡಿದ್ದ ತಿರುಪುಗಳನ್ನು ಬಿಗಿದೆನು. ಗುಂಡಿಲ್ಲದೆ ಟ್ರಿಗರು ಎಳೆಯುವುದನ್ನು ಬಿಟ್ಟೆನು. ಗಾಳಿಯ ಮೆತ್ತೆಯಿಲ್ಲದೆ ಪಿಸ್ಟನ್ನು ಹೋಗಿ ಲೋಹಕ್ಕೆ ಅಪ್ಪಳಿಸುತ್ತದೆ. ಟ್ರಿಗರನ್ನು ಹಗುರಗೊಳಿಸುವ ಆಸೆಗೂ ವಿದಾಯ ಹೇಳಿದೆನು. ಗುರಿಯ ಹಿಂದೆ ಮರಳು ತುಂಬಿದ ಪೆಟ್ಟಿಗೆ ಬಂತು. ನೋಡುವವರೆಲ್ಲರೂ ನನ್ನ ಬೆನ್ನ ಹಿಂದೆ ನಿಲ್ಲಬೇಕೆಂಬ ನಿಯಮ ಬಂತು. ಈಗ ಐದು ಗುಂಡುಗಳು ಒಂದು ರೂಪಾಯಿ ನಾಣ್ಯದ ಅಗಲದೊಳಗೆ ಬೀಳುತ್ತವೆ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲಿಗೆ ಮೀರಿದ ಶಕ್ತಿಯ ಅಥವಾ 4.5 ಮಿಲಿಮೀಟರಿಗೆ ಮೀರಿದ ನಳಿಗೆಯ ಗಾಳಿಕೋವಿಗೆ ಪರವಾನಗಿ ಬೇಕು. ಆದರೆ ಗುರಿಗೆ ಅಷ್ಟು ಶಕ್ತಿಯ ಅಗತ್ಯವೇ ಇಲ್ಲ. ಅರ್ಧ ಗ್ರಾಮಿನ ಗುಂಡು ಸೆಕೆಂಡಿಗೆ 170 ಮೀಟರು ವೇಗದಲ್ಲಿ ಸಾಗಿದರೆ ಅದರ ಶಕ್ತಿ ಸುಮಾರು 7 ಜೂಲು. ಸ್ಪರ್ಧೆಯ ರೈಫಲುಗಳ ಬಲವೂ ಹೆಚ್ಚುಕಡಿಮೆ ಇಷ್ಟೇ. ಹತ್ತು ಮೀಟರು ದೂರದ ಆ ಗುರಿಯ ನಡುಬಿಂದುವಿನ ಅಗಲ ಕೇವಲ ಅರ್ಧ ಮಿಲಿಮೀಟರು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಅವರು ಭಾರತಕ್ಕೆ ಒಲಿಂಪಿಕ್ಸಿನ ಮೊದಲ ವೈಯಕ್ತಿಕ ಚಿನ್ನ ತಂದುದು ಈ ಸ್ಪರ್ಧೆಯಲ್ಲಿಯೇ.

ಪಾಠ ತಲೆಗೆ ಹತ್ತದ ಮಗುವಿನ ಎದುರು ನಾನು ಸ್ವರವೇರಿಸುತ್ತಿದ್ದುದೂ ಬಿರುಸಾದ ಸ್ಪ್ರಿಂಗು ಹಾಕಿದಂತೆಯೇ ಆಗಿತ್ತೆಂದು ಈಚೆಗೆ ಅನಿಸುತ್ತಿದೆ. ತಮ್ಮನ ಮಗಳು ಈಗ ನನ್ನ ಬೆನ್ನ ಹಿಂದೆ ನಿಂತು ಅಂಕ ಬರೆದುಕೊಳ್ಳುತ್ತಾಳೆ. ತಪ್ಪಿದ ಗುಂಡನ್ನು ಎಣಿಸಲು ಆಕೆ ಎಂದೂ ಮರೆಯುವುದಿಲ್ಲ.