ಬಣ್ಣ ತೊಳೆದ ಮೇಲೂ ಗೌರವ ಇರಲಿ

ಸಹೋದರಿಯರೇ, ಸುಗ್ಗಿ ಮುಗಿದ ಮೇಲೆ ನೀವು ಎಂದಾದರೂ ನಮ್ಮ ಕಡೆ ಬಂದಿದ್ದೀರಾ? ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಆಗ ಬೆಳಗಿನವರೆಗೂ ಹಾರ್ಮೋನಿಯಂ ಸದ್ದು. ಎಲ್ಲೆಲ್ಲೂ ‘ಕುರುಕ್ಷೇತ್ರ’ ನಾಟಕ. ಹಗಲು ಕಬ್ಬು ಕಡಿಯುವವನೇ ರಾತ್ರಿ ದುರ್ಯೋಧನ. ಪಾತ್ರ ದೊಡ್ಡದಾದಷ್ಟೂ ಪಾತ್ರಧಾರಿ ಕೊಡಬೇಕಾದ ಪಾಲಿನ ಹಣವೂ ದೊಡ್ಡದು. ಗಂಡಸರು ತಿಂಗಳುಗಟ್ಟಲೆ ಮೇಷ್ಟ್ರ ಬಳಿ ಅಭ್ಯಾಸ ಮಾಡಿರುತ್ತಾರೆ. ಆದರೆ ದ್ರೌಪದಿ, ಕುಂತಿ ಮಾತ್ರ ಊರಿನವರಲ್ಲ. ಮೈಸೂರು, ಮಂಡ್ಯ, ಬೆಂಗಳೂರಿನಿಂದ ಸಂಭಾವನೆಗೆ ಬರುವ ಕಲಾವಿದೆಯರು ಆ ಪಾತ್ರ ಮಾಡುತ್ತಾರೆ.

ನಾನು ಚಿಕ್ಕವಳಿದ್ದಾಗ ಪಾಂಡವಪುರದ ಬಳಿಯ ನಮ್ಮ ಮನೆಯೆದುರಿನ ಬಯಲಿನಲ್ಲೂ ನಾಟಕವಾಯಿತು. ಸಂಜೆಯ ಬಸ್ಸಿನಲ್ಲಿ ಬಂದಿಳಿದ ದ್ರೌಪದಿಗೆ ಅಭ್ಯಾಸಕ್ಕೆ ಸಮಯವೇ ಇರಲಿಲ್ಲ. ನಡುರಾತ್ರಿ ಅರ್ಜುನ ಮಾತು ಮರೆತು ನಿಂತುಬಿಟ್ಟ. ಆಕೆ ಸೆರಗು ಸರಿಪಡಿಸುವಂತೆ ನಟಿಸುತ್ತಾ ಅವನಿಗೆ ಮಾತು ಹೇಳಿಕೊಟ್ಟಳು. ಕಿಟಕಿಯಲ್ಲಿದ್ದ ನನಗೆ ಅದು ಕಂಡಿತು. ಚಪ್ಪಾಳೆ, ಹೂವಿನ ಹಾರ ಎಲ್ಲವೂ ಅರ್ಜುನನಿಗೇ ಬಿತ್ತು.

ಬೆಳಗ್ಗೆ ಗಂಡಸರೆಲ್ಲ ಹಾರ ಹಾಕಿಕೊಂಡೇ ಹೋಟೆಲಿನಲ್ಲಿ ನಗುತ್ತಿದ್ದರು. ಆಕೆ ಬಸ್ ನಿಲ್ದಾಣದಲ್ಲಿ ತನ್ನ ಪೆಟ್ಟಿಗೆಯ ಮೇಲೆ ಒಬ್ಬಳೇ ಕುಳಿತಿದ್ದಳು. ಅಮ್ಮಿ ನನ್ನ ಕೈಯಲ್ಲಿ ರೊಟ್ಟಿ, ಚಹಾ ಕಳುಹಿಸಿದರು. ‘ನಾಟಕದವಳಿಗೆ ನಿಮ್ಮ ಮನೆಯ ಲೋಟವೇ?’ ಎಂದರು ನೆರೆಮನೆಯವರು. ‘ರಾತ್ರಿಯಿಡೀ ನಿಂತು ದುಡಿದಿದ್ದಾಳೆ, ಹಸಿದಿರುತ್ತಾಳೆ’ ಎಂದಷ್ಟೇ ಹೇಳಿ ಅಮ್ಮಿ ಒಳಗೆ ಹೋದರು. ಆಕೆ ನನ್ನನ್ನು ‘ಎಷ್ಟನೇ ಕ್ಲಾಸು?’ ಎಂದು ಕೇಳಿದಳು. ‘ನನ್ನ ಮಗಳೂ ನಿನ್ನಷ್ಟೇ. ಓದಿಸ್ತಾ ಇದೀನಿ’ ಎಂದಳು. ಅವಳ ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿತ್ತು.

ಎಷ್ಟೋ ವರ್ಷಗಳ ನಂತರ ಆರ್. ನಾಗರತ್ನಮ್ಮನವರ ಬಗ್ಗೆ ಓದಿದಾಗ ನನಗೆ ಆ ಲೋಟ ನೆನಪಾಯಿತು. 1926ರಲ್ಲಿ ಮೈಸೂರಿನಲ್ಲಿ ಹುಟ್ಟಿದ ನಾಗರತ್ನಮ್ಮ ಎಳೆಯ ವಯಸ್ಸಿನಲ್ಲೇ ರಂಗಕ್ಕೆ ಬಂದವರು. ಹಿಂದೊಮ್ಮೆ ನಮ್ಮ ನಾಟಕ ಕಂಪನಿಗಳಲ್ಲಿ ಗಂಡಸರೇ ಸೀರೆಯುಟ್ಟು ಹೆಣ್ಣಿನ ಪಾತ್ರ ಮಾಡುತ್ತಿದ್ದರು. ನಾಗರತ್ನಮ್ಮ ಅದನ್ನೇ ತಿರುವು ಮುರುವು ಮಾಡಿದರು. 1958ರಲ್ಲಿ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದರು. ಅಲ್ಲಿ ಎಲ್ಲ ಪಾತ್ರಗಳೂ ಹೆಂಗಸರದೇ. ಅವರು ಸ್ವತಃ ಕಂಸನಾದರು, ರಾವಣನಾದರು, ಗದೆ ಹಿಡಿದು ಭೀಮನಾದರು. ಗುಬ್ಬಿ ವೀರಣ್ಣ ಪ್ರಶಸ್ತಿ ಬಂತು. 1992ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ಪದ್ಮಶ್ರೀ ಬಂದಾಗ 2012ನೇ ಇಸವಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು.

ಪದ್ಮಶ್ರೀ ಬಂದ ಮೇಲೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಆದರೆ ಪ್ರಶಸ್ತಿಯೇ ಬಾರದ, ಬಸ್ ನಿಲ್ದಾಣದಲ್ಲಿ ಕುಳಿತ ಆ ದ್ರೌಪದಿಯರಿಗೆ?

ನಿಮಗೆ ಉಪದೇಶ ಮಾಡುವ ಅರ್ಹತೆ ನನಗಿಲ್ಲ. ಕಳೆದ ವರ್ಷ ನನ್ನ ಮಗನಿಗೆ ನರ್ಸ್ ಹುಡುಗಿಯೊಬ್ಬಳ ಸಂಬಂಧ ಬಂತು. ‘ರಾತ್ರಿ ಪಾಳಿಯಂತೆ, ರಾತ್ರಿಯೆಲ್ಲ ಮನೆಯಿಂದ ಹೊರಗಿರುವ ಹುಡುಗಿ...’ ಎಂದು ಮೊದಲು ರಾಗ ಎಳೆದವಳು ನಾನೇ. ಮೂಲೆಯಲ್ಲಿ ಕುಳಿತಿದ್ದ ಅಮ್ಮಿ ಕೇಳಿದರು, ‘ಅವತ್ತು ಲೋಟ ಹಿಡಿದುಕೊಂಡು ಹೋದವಳು ನೀನೇ ಅಲ್ಲವಾ?’

ನನಗೆ ತಲೆ ಎತ್ತಲಾಗಲಿಲ್ಲ. ಆ ಹುಡುಗಿ ಇಂದು ನಮ್ಮ ಮನೆಯ ಸೊಸೆ. ಪಾಳಿ ಮುಗಿಸಿ ಬೆಳಗ್ಗೆ ಅವಳು ಮನೆಗೆ ಬರುವ ಹೊತ್ತಿಗೆ ಚಹಾ ನಾನೇ ಮಾಡಿಡುತ್ತೇನೆ.

ನಿಮ್ಮ ಬೀದಿಯಲ್ಲೂ ಅಂಥವರು ಇರುತ್ತಾರೆ, ಸಹೋದರಿಯರೇ. ಪ್ರಶಸ್ತಿ ಬರುವವರೆಗೆ ಕಾಯಬೇಡಿ.