ಅಡ್ಡಹೆಸರಿನ ಅರ್ಥ

ಆಂಗ್ಲರ ಸೈನ್ಯದಲ್ಲಿ ಮಿಲ್ಲರ್ ಮನೆತನದವನ ಸ್ವಂತ ಹೆಸರು ಏನೇ ಇರಲಿ, ಸಂಗಡಿಗರ ಬಾಯಲ್ಲಿ ಅವನು 'ಡಸ್ಟಿ'. ಮಿಲ್ಲರ್ ಎಂದರೆ ಹಿಟ್ಟಿನ ಗಿರಣಿಯವನು; ಡಸ್ಟಿ ಎಂದರೆ ಮೈಗೆ ಧೂಳು ಮೆತ್ತಿದವನು. ಹಾಗೆಯೇ ವೈಟ್ ಮನೆತನದವನು 'ಚಾಕಿ', ಅಂದರೆ ಸೀಮೆಸುಣ್ಣದ ಬಿಳುಪಿನವನು. ಅಲ್ಲಿ ಮನೆತನದ ಹೆಸರಿನಿಂದ ಅಡ್ಡಹೆಸರು ಹುಟ್ಟುತ್ತದೆ.

ನಮ್ಮ ಜತ್ತ ಭಾಗದಲ್ಲಿ ಮನೆತನದ ಹೆಸರನ್ನೇ ಅಡ್ಡಹೆಸರು ಎನ್ನುತ್ತೇವೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಮೊದಲಾದವು ಗಡಿಯ ಕನ್ನಡಿಗರಲ್ಲಿ ಹಿರಿಯರ ಸರಕನ್ನೋ ಊರವರ ಚೇಷ್ಟೆಯನ್ನೋ ನೆನಪಿಸುವ ಹೆಸರುಗಳು.

ವಕೀಲನಾದ ನನ್ನ ಮೇಜಿಗೆ ಇಂಥ ಹೆಸರುಗಳು ದೇವನಾಗರಿಯಲ್ಲಿ ಬರುತ್ತವೆ. ಮರಾಠಿ ಬರಹದಲ್ಲಿ ಎ, ಏ ಎರಡಕ್ಕೂ ಒಂದೇ ಗುರುತು. ಬೆಲ್ಲದ ಎಂಬುದನ್ನು ಬೇಲ್ಲದ ಎಂದೂ ಓದಬಹುದು. ಅಣ್ಣನ ಶಾಲೆಯ ದಾಖಲೆಯಲ್ಲಿ ಒಂದು ರೂಪ, ತಮ್ಮನ ಸಾತಬಾರಾ ಉತಾರದಲ್ಲಿ ಇನ್ನೊಂದು. ವಾರಸಾ ಹಚ್ಚುವಾಗ ಇಬ್ಬರೂ ಒಂದೇ ಮನೆಯವರೆಂದು ಪ್ರತಿಜ್ಞಾಪತ್ರ ಬರೆಯಬೇಕಾಗುತ್ತದೆ.

ಅಕ್ಷರದ ಗೊಂದಲವನ್ನು ಆ ಪತ್ರ ತೀರಿಸೀತು. ಆದರೆ ಮಕ್ಕಳಿಗೆ ತಮ್ಮ ಹೆಸರಿನ ಅರ್ಥವೇ ತಿಳಿಯದಾದರೆ ಅದನ್ನು ಮರಳಿ ಕೊಡುವ ನ್ಯಾಯಾಲಯವಿಲ್ಲ. ಪಾಲಕರೇ, ಅಡ್ಡಹೆಸರನ್ನು ಕನ್ನಡದಲ್ಲಿ ತಪ್ಪಿಲ್ಲದೆ ಬರೆಯುವುದನ್ನು ಕಲಿಸಿರಿ. ಅದರ ಹಿಂದಿನ ಕಥೆಯನ್ನು ಮನೆಯ ಹಿರಿಯರಿಂದ ಹೇಳಿಸಿರಿ.